ಬೆಲ್ಜಿಯಂ ಗಣಿಗಳೂ ಅಪ್ಪನ ನೋಟ್‌ಬುಕ್ಕುಗಳೂ

ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ಕ್ಯಾಂಟನ್ ಎಂಬ ಅಮೆರಿಕನ್ ಊರಿನ ಹೈಸ್ಕೂಲಿನಲ್ಲಿ ನಾನು ಚರ್ಚಾ ತಂಡದಲ್ಲಿದ್ದೆ. ಆ ವರ್ಷದ ವಿಷಯ ಮುಕ್ತ ವ್ಯಾಪಾರ, ಉದಾಹರಣೆಯಾಗಿ ನನ್ನ ಪಾಲಿಗೆ ಬಂದದ್ದು ಬೆಲ್ಜಿಯಂ. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದು ತನ್ನ ಕಲ್ಲಿದ್ದಲು, ಉಕ್ಕನ್ನು ಇನ್ನೈದು ದೇಶಗಳ ಜೊತೆ ಒಂದೇ ಮಾರುಕಟ್ಟೆಗೆ ಸೇರಿಸಿತ್ತು. ದುಬಾರಿ ಗಣಿಗಳು ಒಂದೇ ದಿನ ಮುಚ್ಚಲಿಲ್ಲ. ಕಾಲಾವಕಾಶ ಸಿಕ್ಕಿತು, ಕೆಲಸ ಹೋದವರಿಗೆ ಬೇರೆ ಕಸುಬು ಕಲಿಯಲು ನೆರವೂ ಸಿಕ್ಕಿತು. ಗಡಿ ತೆರೆದರೆ ಎಲ್ಲರಿಗೂ ಒಳ್ಳೆಯದೆಂದು ಬೆಳಿಗ್ಗೆ ವಾದಿಸಿ ಗೆಲ್ಲುತ್ತಿದ್ದೆ. ಮಧ್ಯಾಹ್ನ, ಯಾರು ಯಾವ ಪಕ್ಷವೆಂದು ತೀರ್ಮಾನಿಸಲು ಚಿಮ್ಮಿದ ನಾಣ್ಯ ಇನ್ನೊಂದು ಮಗ್ಗುಲಿಗೆ ಬಿದ್ದರೆ ಅದೇ ಗಣಿಗಳನ್ನು ಹಿಡಿದು ವಿರುದ್ಧ ವಾದಿಸಿಯೂ ಗೆಲ್ಲುತ್ತಿದ್ದೆ.

ಆಗಲೇ ಪಕ್ಕದೂರು ಪ್ಲಿಮತ್‌ನಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕಾರಿನ ಬಿಡಿಭಾಗಗಳ ಕಂಪನಿ, ಸೀಟಿನ ಚೌಕಟ್ಟು ಒತ್ತುವ ಪ್ರೆಸ್ ಯಂತ್ರಗಳನ್ನು ಮೆಕ್ಸಿಕೋಗೆ ಸಾಗಿಸುವುದಾಗಿ ಹೇಳಿತು. ಇಲ್ಲೂ ಮೆಕ್ಸಿಕೋ ಸೇರಿ ಅಕ್ಕಪಕ್ಕದ ಮೂರು ದೇಶಗಳ ನಡುವೆ ಸುಂಕ ಹೋಗಿತ್ತಲ್ಲ. ತನ್ನನ್ನು ಇನ್ನೊಂದು ವರ್ಷ ಕೆಲಸದಲ್ಲಿ ಇಟ್ಟುಕೊಳ್ಳಿ ಎಂದು ಅಪ್ಪ ಪತ್ರ ಬರೆಯಬೇಕಿತ್ತು.

"ನೀನೇ ಬರಿಯಮ್ಮ. ಅಷ್ಟೊಂದು ಟ್ರೋಫಿ ತಂದಿದೀಯ, ಮನೆಗೊಂದ್ಸಲ ಕೆಲ್ಸಕ್ಕೆ ಬರ್ಲಿ."

"ಬೆಲ್ಜಿಯಂ ಹಾಕ್ತೀನಪ್ಪ. ದೇ ಗಾಟ್ ಟೈಮ್."

"ಹಾಕು. ಆಮೇಲೆ ಅವ್ರೆಲ್ಲ ಏನಾದ್ರು?"

ಗೊತ್ತಿರಲಿಲ್ಲ. ನನ್ನ ಪುರಾವೆಗಳು ನೆರವು ಮಂಜೂರಾದಲ್ಲಿಗೇ ನಿಲ್ಲುತ್ತಿದ್ದವು.

ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದವನ್ನು ನಾವೇ ಹೇಳಿ ಮುರಿಯಬೇಕು. ಅದು ಚರ್ಚಾ ತಂಡದಲ್ಲಿ ನಮಗೆ ಕಲಿಸಿದ ಅಭ್ಯಾಸ. ಆ ಪ್ರೆಸ್‌ಗಳ ಸ್ವಭಾವ ಬಲ್ಲವರು ಅಪ್ಪ ಒಬ್ಬರೇ ಎಂದು ಬರೆದೆ. ಅವನ್ನು ನಡೆಸುವ ವಿವರಗಳನ್ನೆಲ್ಲ ಅವರು ತಮ್ಮ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದರು. ಅದಕ್ಕೇ ಕೆಳಗೆ ಸೇರಿಸಿದೆ: ಎಲ್ಲವೂ ಇವರ ನೋಟ್‌ಬುಕ್ಕುಗಳಲ್ಲಿದೆಯಲ್ಲ ಎಂದು ನೀವು ಹೇಳಬಹುದು, ಆದರೆ ಓದಿದ ಮಾತ್ರಕ್ಕೆ ಕೈ ಪಳಗುವುದಿಲ್ಲ. ಕಂಪನಿ ಹಾಗೆ ಹೇಳಿರಲೇ ಇಲ್ಲ. ಅಂಥ ನೋಟ್‌ಬುಕ್ಕುಗಳಿವೆ ಎಂಬುದೇ ಅದಕ್ಕೆ ತಿಳಿದಿರಲಿಲ್ಲ.

ವಾರದೊಳಗೆ ಉತ್ತರ ಬಂತು. ಯಂತ್ರದ ವಿವರಗಳು ಕಂಪನಿಯ ಸ್ವತ್ತು, ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಕೆಲಸ ಈ ತಿಂಗಳ ಕೊನೆಯವರೆಗೆ.

"ಅವ್ರು ಕೇಳೇ ಇರ್ಲಿಲ್ಲ ಕಣೇ. ನೀನೇ ಹೇಳ್ಕೊಟ್ಯಲ್ಲ."

"ನೀವೂ ಓದಿ ಸೈನ್ ಮಾಡಿದ್ರಲ್ಲ!"

"ಓದ್ದೆ. ಇಂಗ್ಲಿಷ್ ಚೆನ್ನಾಗಿತ್ತು."

ಅವರು ಬರೆದಿಟ್ಟದ್ದೆಲ್ಲ ಕನ್ನಡದಲ್ಲಿತ್ತು, ಅಂಕಿಗಳೂ ಕೂಡ. ಭಾನುವಾರ ಊಟದ ಮೇಜಿನ ಮೇಲೆ ಎಣ್ಣೆಯ ಕಲೆಯಾದ ಆರು ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತೆವು. ಅವರು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಯಾವ ಅಚ್ಚಿಗೆ ಎಷ್ಟು ಒತ್ತಡ, ಪ್ರೆಸ್ ಎಷ್ಟು ಕೆಳಗಿಳಿಯಬೇಕು, ಚಳಿಗಾಲದಲ್ಲಿ ಎಷ್ಟು ಹೊತ್ತು ಬಿಸಿಯಾಗಲು ಬಿಡಬೇಕು. ಮೂರನೆಯದು ಮುಗಿಯುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ಎರಡು ನಂಬರ್ ಬದಲಾಯ್ಸೋಣಪ್ಪ. ದೇ ವೋಂಟ್ ನೋ. ಆಮೇಲೆ ಅವ್ರೇ ನಿಮ್ಮನ್ನ ಕರೀತಾರೆ."

ಅಪ್ಪ ಕನ್ನಡಕ ತೆಗೆದರು.

"ಬಾಯ್ಮುಚ್ಚು. ಅಲ್ಲೂ ಆ ಪ್ರೆಸ್ ಕೆಳಗೆ ಕೈ ಹಾಕೋನು ಒಬ್ಬ ಇರ್ತಾನೆ."

ಆಮೇಲಿನ ಪುಟಗಳಲ್ಲಿ ಪ್ರತಿ ಅಂಕಿಯನ್ನೂ ಎರಡೆರಡು ಸಲ ಓದಿದರು. ನಾನು ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಬೆರಳಿಟ್ಟು ನೋಡಿದ ಮೇಲೆಯೇ ಮುಂದಿನ ಸಾಲಿಗೆ ಹೋದರು.