ಅಂಗಡಿ ಕಾಕಿ ಬರೆದ ನಡೆ

ಬಚ್ಚಲುಮನೆಯ ನೆಲ ಬದಲಿಸಬೇಕಿತ್ತು. ಫರಸಿ ಕಲ್ಲು ನೋಡಲು ಹೋಗಿದ್ದೆ. ಅಂಗಡಿಯವನು ಕಲ್ಲಿನ ಬಣ್ಣ ತೋರಿಸಲೆಂದು ಬಿಸಿಲಿಗೆ ಕಾದಿದ್ದ ಚಪ್ಪಡಿಯ ಮೇಲೆ ಒಂದು ಚೊಂಬು ನೀರು ಸುರಿದ. ಬೂದಿಯಂತಿದ್ದದ್ದು ಕಪ್ಪುನೀಲಿಯಾಯಿತು. ಜೊತೆಗೇ ಆ ವಾಸನೆ ಎದ್ದಿತು. ಕಾದ ಕಲ್ಲು, ತಣ್ಣೀರು, ಎಲ್ಲೋ ಸ್ವಲ್ಪ ಸುಣ್ಣ... “ತಾಂಡೂರು ಮಾಲ್ ಅದರಿ ಸಾಹೇಬ್ರ, ಅಸಲಿ” ಎಂದ. ನನಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ಆ ವಾಸನೆಯ ಎದುರು ನನ್ನ ಪ್ರಾಯದ ಎಷ್ಟೋ ಸಂಜೆಗಳು ಕಳೆದಿವೆ.

ವಾಸನೆ ನೆನಪನ್ನು ಎಬ್ಬಿಸುತ್ತದೆ, ಸರಿ. ಆದರೆ ಎದ್ದು ಬಂದದ್ದು ನಿಜವೋ ಅಲ್ಲವೋ ಎಂದು ಅದು ಹೇಳುವುದಿಲ್ಲ. ಹಾಗಾಗಿ ಮುಂದೆ ಬರೆಯುವುದರಲ್ಲಿ ನನಗೆ ಅನುಮಾನವಿದ್ದ ಕಡೆ ಅನುಮಾನವೆಂದೇ ಬರೆಯುತ್ತೇನೆ. ಅನುಮಾನ ಇಲ್ಲದ ಕಡೆ ಯಾರಿಗೂ ಹೆದರದೆ ಬರೆಯುತ್ತೇನೆ.

ನಮ್ಮೂರು ತಾಂಡೂರು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆಂಧ್ರಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಹೈದರಾಬಾದಿನಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಕೆಲಸ ಸಿಗದೆ ಊರಿಗೆ ಮರಳಿದ್ದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಮೂರರಲ್ಲೂ ನನಗೆ ಕೆಲಸ ಇಲ್ಲವೆಂದೇ ಹೇಳುತ್ತಿದ್ದರು. ಸಂಜೆಯಾದರೆ ಸ್ಟೇಷನ್ ರಸ್ತೆಯ ಒಂದು ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿ ಶತರಂಜ್, ಅಂದರೆ ಚದುರಂಗ, ಆಡುವವರದೊಂದು ಗುಂಪಿತ್ತು. ಹೋಟೆಲಿನ ಹೊರಗೋಡೆಗೆ ಆಳೆತ್ತರದ ಫರಸಿಯೊಂದನ್ನು ಒರಗಿಸಿ ನಿಲ್ಲಿಸಿದ್ದರು. ಅದರ ಮೇಲರ್ಧದಲ್ಲಿ ಉಳಿಯಿಂದ ಆಟದ ಮನೆಗಳನ್ನು ಕೊರೆದಿದ್ದರು. ವಾರಕ್ಕೊಮ್ಮೆ ಅದರಲ್ಲಿ ಸೀಮೆಸುಣ್ಣದಿಂದ ಕಾಯಿಗಳನ್ನು ಬರೆದು, ಮೂರು ನಡೆಯಲ್ಲಿ ಬಾದಶಹನನ್ನು ಕಟ್ಟಿಹಾಕಿ ಎಂದು ಸವಾಲು ಹಾಕುತ್ತಿದ್ದರು. ಕೆಳಗಿನ ಅರ್ಧ ಖಾಲಿ. ಉತ್ತರ ಹೊಳೆದವರು ಬಂದು ಅಲ್ಲಿ ತಮ್ಮ ನಡೆ ಬರೆಯಬೇಕು. ಅದು ತಪ್ಪೆಂದು ಕಂಡವರು ಅದರ ಕೆಳಗೆ ಎದುರುನಡೆ ಬರೆಯಬೇಕು. ಹೀಗೆ ವಾರವಿಡೀ ನಡೆಯುತ್ತಿತ್ತು. ಬಶೀರಾಬಾದಿನ ಬಸ್ಸಿಗೆ ಕಾಯುವವರು ಕೂಡ ಒಂದು ನಡೆ ಬರೆದು ಬಸ್ಸು ಹತ್ತುತ್ತಿದ್ದರು.

ಫರಸಿಗೊಂದು ನಿಯಮವಿತ್ತು. ಅದನ್ನು ಮಾಡಿದವರು ಒಂದು ಕಲ್ಲುಗಣಿಯ ಮುನೀಮರು, ಲೆಕ್ಕಪತ್ರ ನೋಡುವವರು. ಮೊದಮೊದಲು ಜನ ಆಟದ ಉತ್ತರದ ಕೆಳಗೆ ಶೇಂಗಾ ದರ, ಯಾರದೋ ಮದುವೆ, ಕಳೆದುಹೋದ ಎಮ್ಮೆ, ಹೀಗೆ ಏನೇನೋ ಬರೆಯುತ್ತಿದ್ದರಂತೆ. ಅದಕ್ಕೆ ಮುನೀಮರು ಫರಸಿಯ ಅಂಚಿನಲ್ಲಿ ಬಣ್ಣದಿಂದಲೇ ಬರೆಸಿದರು: ಇಲ್ಲಿ ಆಟದ ಮಾತು ಮಾತ್ರ. ಬೇರೇನಾದರೂ ಕಂಡರೆ ಅವರೇ ಒದ್ದೆ ಬಟ್ಟೆ ತಂದು ಒರೆಸುತ್ತಿದ್ದರು. ಒಳ್ಳೆಯ ನಿಯಮ. ನಾನು ಅದರ ಪರ ಇದ್ದೆ, ಈಗಲೂ ಇದ್ದೇನೆ. ಆದರೆ ಅದನ್ನು ಪೂರ್ತಿ ನಂಬಿದವರು ಆ ಊರಿನಲ್ಲಿ ಒಬ್ಬರೇ, ಮತ್ತು ಅದು ಮುನೀಮರಲ್ಲ.

ಹೋಟೆಲಿನ ಎದುರು, ರಸ್ತೆಯ ಆಚೆ ಬದಿಗೆ ಕಾಕಿಯ ಕಿರಾಣಿ ಅಂಗಡಿ. ಕಾಕ ಎಂದರೆ ಚಿಕ್ಕಪ್ಪ, ಅವನ ಹೆಂಡತಿ ಕಾಕಿ. ಆದರೆ ಯಾರ ಕಾಕನ ಹೆಂಡತಿ ಎಂದು ಕೇಳುವ ಕಾಲ ಮುಗಿದು, ಇಡೀ ಓಣಿಗೆ ಆಕೆ ಅಂಗಡಿ ಕಾಕಿ. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿದ ಮೇಲೆ ಅಂಗಡಿಯನ್ನು ತಾನೇ ನಡೆಸಿ ಎರಡರಷ್ಟು ಬೆಳೆಸಿದ್ದಳು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಯಾರಿಗೂ ರಿಯಾಯಿತಿ ಇಲ್ಲದ ಮಾತು. ಸಾಧು ಹೆಂಗಸು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೂಕದ ಬಗ್ಗೆ ತಕರಾರು ಮಾಡಿದವರಿಗೆ ತಕ್ಕಡಿ ಅವರ ಕೈಗೇ ಕೊಟ್ಟು, ಅವರು ತೂಗಿ ಮುಗಿಸುವವರೆಗೆ ಮುಖವನ್ನೇ ನೋಡುತ್ತ ಕೂಡುತ್ತಿದ್ದಳು.

ಆಕೆಗೆ ಆಟ ಯಾರು ಕಲಿಸಿದರು? “ನಮ್ಮಪ್ಪ ಆಡತಿದ್ದ” ಎಂದಷ್ಟೇ ಹೇಳುತ್ತಿದ್ದಳು. ಅಪ್ಪ ಕಲಿಸಿದನೋ, ಅಪ್ಪನ ಹಿಂದೆ ನಿಂತು ಈಕೆಯೇ ಕಲಿತಳೋ... ನಾನು ಕೇಳಲಿಲ್ಲ. ದಿನವಿಡೀ ಗಲ್ಲಾದಲ್ಲಿ ಕೂತರೆ ಕಣ್ಣೆದುರು ಅದೇ ಫರಸಿ. ಒಂದು ಮಧ್ಯಾಹ್ನ, ಹೋಟೆಲು ಖಾಲಿ ಇದ್ದಾಗ, ರಸ್ತೆ ದಾಟಿ ಬಂದು ಸವಾಲಿನ ಕೆಳಗೆ ಕನ್ನಡದಲ್ಲಿ ತನ್ನ ನಡೆ ಬರೆದಳು. ಕುದುರೆಯ ನಡೆ. ಕೆಳಗೆ ‘ಅಂಗಡಿ ಕಾಕಿ’ ಎಂದು ಹೆಸರನ್ನೂ ಹಾಕಿದಳು.

ಸಂಜೆಯ ಹೊತ್ತಿಗೆ ಅದರ ಕೆಳಗೆ ಸಾಲುಸಾಲು ಉತ್ತರಗಳು ಬಂದವು. ಒಂದರಲ್ಲೂ ಆಟವಿರಲಿಲ್ಲ.

“ಕಾಕಿ, ಬ್ಯಾಳಿಗಿ ಒಗ್ಗರಣಿ ಕೊಟ್ಟೇ ಬಂದಿರೇನು?” ಎಂದು ಒಬ್ಬ. “ಬಾದಶಹ ಹುಷಾರ್, ಲಟ್ಟಣಗಿ ಬಂತು” ಎಂದು ಇನ್ನೊಬ್ಬ. “ನಮ್ಮ ಕಾಕಿ ಸಾಕ್ಷಾತ್ ಸರಸ್ವತಿ” ಎಂದು ಯಾರೋ ಭಕ್ತ. ತೆಲುಗಿನಲ್ಲಿ ಒಂದೆರಡು, ಉರ್ದುವಿನಲ್ಲಿ ಒಂದು. ಅವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮರುದಿನ ನೋಡಿದರೆ ಪ್ರತಿಯೊಂದು ಚೇಷ್ಟೆಯ ಪಕ್ಕದಲ್ಲೂ ಕಾಕಿಯ ಅಕ್ಷರ: ಇದು ಆಟದ ಮಾತಲ್ಲ. ಸರಸ್ವತಿಯ ಪಕ್ಕದಲ್ಲಿ: ಇದೂ ಅಲ್ಲ. ಎಲ್ಲದರ ಕೆಳಗೆ ಸ್ವಲ್ಪ ದೊಡ್ಡದಾಗಿ: ನನ್ನ ನಡೆ ತಪ್ಪೋ ಸರಿಯೋ?

ಮುನೀಮರು ಒದ್ದೆ ಬಟ್ಟೆ ತಂದರು. ಒರೆಸಿದ್ದು ಕಾಕಿಯ ಈ ಮಾತುಗಳನ್ನು ಮಾತ್ರ. ನಡೆಯನ್ನೂ ಚೇಷ್ಟೆಗಳನ್ನೂ ಹಾಗೇ ಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ, ಹೀಗೇಕೆ ಎಂದು ಕೇಳಿದೆ.

“ಅವ್ರು ಬರದದ್ದು ನಗಿಚಾಟಿಗಿ” ಎಂದರು. “ಕಾಕಿ ಬರದದ್ದು ತಕರಾರು. ತಕರಾರು ಆಟದ ಮಾತಲ್ಲ.”

“ನಗಿಚಾಟಿಗಿ ಆಟದ ಮಾತೇನ್ರಿ? ನಿಯಮ ಎರಡಕ್ಕೂ ಒಂದೇ ಅಲ್ಲೇನು?”

ಮುನೀಮರು ಬಟ್ಟೆ ಹಿಂಡಿದರು. “ನಿಮ್ಮ ಯೂನಿವರ್ಸಿಟಿ ವಾದ ಇಲ್ಲಿ ಬ್ಯಾಡ್ರಿ. ಅದೂ ಆಟದ ಮಾತಲ್ಲ.”

ಹೀಗೆ ಕೆಲವು ದಿನ ನಡೆಯಿತು. ಕಾಕಿ ಮಧ್ಯಾಹ್ನ ಬರೆಯುವುದು, ಮುನೀಮರು ಸಂಜೆ ಒರೆಸುವುದು. ಕಾಕಿಗೆ ಬೇಕಾದದ್ದು ಒಂದೇ: ಆಕೆಯ ನಡೆಗೆ ಯಾರಾದರೂ ನಡೆಯಿಂದ ಉತ್ತರ ಕೊಡಬೇಕು. ಇಷ್ಟು ಸಣ್ಣದನ್ನು ಕೊಡಲು ಇಡೀ ಗುಂಪಿಗೆ ಆಗಲಿಲ್ಲ. ನನಗೆ ಸಿಟ್ಟು ಬಂದು ಒಂದು ದಿನ ಅಂಗಡಿಗೆ ಹೋದೆ. ಹೋಟೆಲಿಗೆ ಸಕ್ಕರೆ, ಚಾಪುಡಿ ಎರಡೂ ಹೋಗುತ್ತಿದ್ದದ್ದು ಆಕೆಯ ಅಂಗಡಿಯಿಂದಲೇ.

“ಕಾಕಿ, ಎರಡ ದಿನ ಹೋಟೆಲಿಗಿ ಸಕ್ಕರಿ ಬಂದ್ ಮಾಡ್ರಿ. ಎಲ್ಲಾರೂ ತಾವೇ ದಾರಿಗಿ ಬರ್ತಾರ.”

ಆಕೆ ಯಾರಿಗೋ ಬೆಲ್ಲ ಒಡೆಯುತ್ತಿದ್ದಳು. ತಲೆ ಎತ್ತಲಿಲ್ಲ. “ನಡುವ ಸಕ್ಕರಿ ಯಾಕ ತರತಿ ತಮ್ಮಾ? ನಾ ಕೇಳಿದ್ದು ಕುದುರಿ ಬಗ್ಗ.”

ಮುಂದಿನ ಸುದ್ದಿ, ಫರಸಿಯನ್ನು ಹೋಟೆಲಿನ ಒಳಗೆ ಇಡುತ್ತಾರೆ ಎನ್ನುವುದು. ಕಾರಣ ಕೇಳಿದರೆ, ಮಳೆಗೆ ಕಲ್ಲು ಕೆಡುತ್ತದಂತೆ. ಅಂಗಳ, ಮಾಳಿಗೆ, ಕಂಪೌಂಡು ಎಲ್ಲವೂ ಫರಸಿಯದೇ ಆಗಿರುವ ತಾಂಡೂರಿನಲ್ಲಿ ಈ ಮಾತನ್ನು ಹೇಳಿದರು, ಮತ್ತು ಯಾರೂ ನಗಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು. ಆ ಕಾಲಕ್ಕೆ ನಮ್ಮ ಕಡೆ ಹೆಂಗಸರು ಹೋಟೆಲಿನ ಒಳಗೆ ಬಂದು ಕೂಡುತ್ತಿರಲಿಲ್ಲ. ಊರಿಂದೂರಿಗೆ ಹೋಗುವ ಹೆಂಗಸರಿಗೆ ಬೇಕಿದ್ದರೆ ಚಾ ಹೊರಗೆ ಕಟ್ಟೆಗೆ ಹೋಗುತ್ತಿತ್ತು. ನಾಲ್ಕಾರು ಹಮಾಲರು ಸೇರಿ ಫರಸಿಯನ್ನು ಎತ್ತಿ, ಅದರ ಮೇಲಿನ ಸವಾಲು, ಕಾಕಿಯ ನಡೆ, ಚೇಷ್ಟೆ ಎಲ್ಲದರ ಸಮೇತ ಒಳಗಿನ ಗೋಡೆಗೆ ಒರಗಿಸಿದರು. ಕಾಕಿ ಗಲ್ಲಾದಲ್ಲಿ ಕೂತು ನೋಡಿದಳು.

ಮರುದಿನವೇ ಇರಬೇಕು. ಹೊತ್ತು ಇಳಿಯುವ ಸಮಯ, ಬೆಂಚುಗಳು ತುಂಬಿದ್ದವು. ಕಾಕಿ ಅಂಗಡಿಯ ಬಾಗಿಲಿಗೆ ಅಡ್ಡಹಲಗೆ ಇಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ರಸ್ತೆ ದಾಟಿ, ಮೆಟ್ಟಿಲು ಹತ್ತಿ ಒಳಗೆ ಬಂದಳು. ಬಸಿಯಲ್ಲಿ ಚಾ ಹೀರುತ್ತಿದ್ದವರು ಬಸಿ ಹಿಡಿದೇ ಕೂತರು.

ಹೋಟೆಲಿನ ಮಾಲೀಕ ಒಳ್ಳೆಯವ, ಅಂಜುಬುರುಕ. “ಬರ್ರಿ ಕಾಕಿ, ಕೂಡ್ರಿ, ಚಾ ತರಸ್ತೀನಿ” ಎಂದ.

“ಚಾ ಕುಡ್ಯಾಕ ಬಂದಿಲ್ಲ. ಮುನೀಮ್‌ಜೀ, ನನ್ನ ನಡಿ ತಪ್ಪ ಅದನೋ, ಬರೋಬ್ಬರಿ ಅದನೋ?”

ಮುನೀಮರು ಎದ್ದು ನಿಂತರು. “ಇಲ್ಲೀತನ ಬರೂದು ಛಲೋ ಕಾಣಂಗಿಲ್ಲ ಕಾಕಿ. ಮನಿಗಿ ನಡೀರಿ, ಸಂಜಿಕ ಹೇಳಿ ಕಳಸ್ತೀನಿ.”

“ಛಲೋ ಕಾಣತದೋ ಇಲ್ಲೋ ಅಂತ ಕೇಳಿಲ್ಲ. ತಪ್ಪ ಅದನೋ ಇಲ್ಲೋ ಅಂತ ಕೇಳೀನಿ.”

“ಇಷ್ಟ ಮಂದಿ ನಡುವ...”

“ಮಂದಿನೂ ಆಟದಾಗಿಲ್ರಿ. ಆಟದಾಗ ಇದ್ದದ್ದು ಹೇಳ್ರಿ.”

ಆಗ ಮುನೀಮರು ತಿರುಗಿ ಫರಸಿಯನ್ನು ನೋಡಿದರು. ಇದರಲ್ಲಿ ನನಗೆ ಅನುಮಾನವಿಲ್ಲ: ಅವರು ಆ ನಡೆಯನ್ನು ನೋಡಿದ್ದು ಅದೇ ಮೊದಲು. ಅಷ್ಟು ದಿನ ಅದರ ಸುತ್ತಲೂ ಒರೆಸಿದ್ದರು, ಓದಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು, ಯಾರೂ ಏಳಲಿಲ್ಲ.

“ಕಾಕಿ, ಮೂಲ್ಯಾಗಿನ ಒಂಟಿ ನೋಡ್ರಿ” ಎಂದಿತು ಒಂದು ಧ್ವನಿ. “ಕುದುರಿ ಅಲ್ಲಿ ಹೋದ್ರ ಅದು ಹೊಡೀತದ.”

ಆ ಧ್ವನಿ ನನ್ನದು ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ಅಲ್ಲಿ ಬೊಮ್ರಾಸಪೇಟಿನ ಒಬ್ಬ ಬಸ್ ಕಂಡಕ್ಟರನೂ ಇದ್ದ, ನನಗಿಂತ ಚುರುಕಾಗಿ ಆಡುತ್ತಿದ್ದ. ಅದು ನಾನೇ ಆಗಿದ್ದರೆ ನನಗೆ ಬಹಳ ಹಿತವಾಗುತ್ತದೆ. ಆ ಹಿತವೇ ನನ್ನ ಅನುಮಾನಕ್ಕೆ ಕಾರಣ. ಆದ್ದರಿಂದ ಅದನ್ನು ಕಂಡಕ್ಟರನ ಹೆಸರಿಗೇ ಬಿಟ್ಟುಬಿಡುತ್ತೇನೆ.

ಕಾಕಿ ಫರಸಿಯ ಹತ್ತಿರ ಹೋದಳು. ಒಂಟೆ ಓರೆಯಾಗಿ ನಡೆಯುವ ಕಾಯಿ; ಅದು ಇದ್ದ ಮೂಲೆಯಿಂದ ಬೆರಳನ್ನು ಓರೆಯಾಗಿ ಎಳೆದಳು, ಒಂದೊಂದೇ ಮನೆ. ಬೆರಳು ತನ್ನ ಕುದುರೆಯ ಮನೆಗೆ ಬಂದು ನಿಂತಿತು.

“ಹೌದ್ ನೋಡು” ಎಂದಳು. “ಒಂಟಿ ಬಿಟ್ಟಬಿಟ್ಟಿದ್ದೆ. ತಪ್ಪ ಅದ.”

ಅಷ್ಟು ಮಂದಿಯ ನಡುವೆ ತನ್ನದು ತಪ್ಪು ಎಂದ ಹೆಂಗಸಿನ ಮುಖ ಅರಳಿದ್ದನ್ನು ನಾನು ನೋಡಿದೆ. ತನ್ನ ನಡೆಯನ್ನು ಸೆರಗಿನ ತುದಿಯಿಂದ ತಾನೇ ಒರೆಸಿದಳು. ಅದರ ಕೆಳಗಿನ ಚೇಷ್ಟೆಗಳನ್ನು ಮುಟ್ಟಲಿಲ್ಲ. ಅವು ಈಗ ಯಾವ ನಡೆಗೂ ಅಂಟಿಕೊಳ್ಳದೆ ಗಾಳಿಯಲ್ಲಿ ನೇತಾಡುವ ಹಾಗೆ ಕಂಡವು. “ಉಳದದ್ದು ನನ್ನದಲ್ಲ ಮುನೀಮ್‌ಜೀ. ಅದನ್ನ ಅಳಸೂದು ನಿಮ್ಮ ಕೆಲಸ” ಎಂದಳು. ಆಮೇಲೆ ಫರಸಿಯ ಎದುರಿನ ಬೆಂಚಿನಲ್ಲಿ ಕೂತಳು. ಅದರ ಮೇಲಿದ್ದ ಇಬ್ಬರು ತಾವಾಗಿಯೇ ಎದ್ದರು.

“ಈಗ ಚಾ ತರಸ್ರಿ” ಎಂದಳು ಮಾಲೀಕನಿಗೆ. “ಇನ್ನೊಂದು ನಡಿ ನೋಡತೀನಿ.”

ಇದಾದ ಮೇಲೆ ಊರು ಬದಲಾಯಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಕೆಲವರು ಹೋಟೆಲಿಗೆ ಬರುವುದು ಬಿಟ್ಟರು. ಚೇಷ್ಟೆ ನಿಲ್ಲಲಿಲ್ಲ, ಆದರೆ ಅದರ ನಡುವೆ ಎದುರುನಡೆಗಳೂ ಬರತೊಡಗಿದವು. ಕಾಕಿ ದಿನವೂ ಬಂದು ಕೂಡುತ್ತಿದ್ದಳು, ಎಷ್ಟೋ ಸಲ ತಪ್ಪುತ್ತಿದ್ದಳು. ಕುದುರೆಯನ್ನು ಕಂಡರೆ ಆಕೆಗೆ ತಡೆಯುತ್ತಿರಲಿಲ್ಲ, ಮುಂದೆ ಓಡಿಸಿಬಿಡುತ್ತಿದ್ದಳು. ಮುನೀಮರು ಆಕೆಯ ಜೊತೆ ಮಾತು ಬಿಟ್ಟರು, ಆದರೆ ಆಕೆಯ ಪ್ರತಿ ತಪ್ಪಿನ ಕೆಳಗೆ ಎದುರುನಡೆಯನ್ನು ಕರುಣೆಯಿಲ್ಲದೆ ಬರೆದು ಹೋಗುತ್ತಿದ್ದರು. ಇಡೀ ಗುಂಪಿನಲ್ಲಿ ಕಾಕಿಗೆ ಹೆಚ್ಚು ಗೌರವ ಇದ್ದದ್ದು ಅವರ ಮೇಲೆ ಎಂದು ನನ್ನ ಊಹೆ.

ನನಗೆ ನಾರಾಯಣಖೇಡದಲ್ಲಿ ಕೆಲಸ ಸಿಕ್ಕಿತು, ಆಮೇಲೆ ಜಹೀರಾಬಾದಿಗೆ ಬಂದು ನಿಂತೆ. ಬಹಳ ವರ್ಷಗಳ ನಂತರ ಒಮ್ಮೆ ತಾಂಡೂರಿಗೆ ಹೋದಾಗ ಕಾಕಿ ಅಂಗಡಿಯಲ್ಲೇ ಇದ್ದಳು, ಕಣ್ಣು ಮಂಜಾಗಿತ್ತು. ನಾನು ಆ ದಿನದ ಮಾತು ತೆಗೆದೆ. ಹೇಗೆ ಮೆಟ್ಟಿಲು ಹತ್ತಿ ಬಂದಿರಿ, ಮುನೀಮರ ಮುಖ ಹೇಗಾಯಿತು ಎಂದೆಲ್ಲ ಹೇಳಿದೆ. ಸಹನೆಯಿಂದ ಕೇಳಿದಳು.

“ಅದಿರ್ಲಿ ತಮ್ಮಾ” ಎಂದಳು. “ಅವತ್ತ ನಂದು ಯಾವ ನಡಿ ಇತ್ತು?”

ಕುದುರೆ ಎಂದೆ. ಎಲ್ಲಿಂದ ಎಲ್ಲಿಗೆ ಎಂದಳು. ನನಗೆ ಬರಲಿಲ್ಲ. ಆಕೆಗೂ ನೆನಪಿರಲಿಲ್ಲ.

ಈಗ ಕಾಕಿ ಇಲ್ಲ. ಹೋಟೆಲಿನ ಮಾಲೀಕನ ಮಗ ಫೋನು ಮಾಡಿ ತಿಳಿಸಿದ. ಊರಿನವರು ಸೇರಿ ಸಭೆ ಮಾಡಿದರಂತೆ. ಆಟಗಾರರಿಗೆಲ್ಲ ತಾಯಿಯಂತಿದ್ದಳು, ಎಂದೂ ಯಾರಿಗೂ ಎದುರಾಡಲಿಲ್ಲ, ನಾವೆಲ್ಲ ಮೊದಲಿನಿಂದಲೂ ಆಕೆಗೆ ಮರ್ಯಾದೆ ಕೊಟ್ಟೆವು ಎಂದು ಒಬ್ಬರಾದ ಮೇಲೊಬ್ಬರು ಹೇಳಿದರಂತೆ. ನೆನಪಿನ ಪುಸ್ತಕ ತರುತ್ತಾರೆ, ಆಕೆಯ ತಾಯ್ತನದ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದ. ಆಗುವುದಿಲ್ಲ ಎಂದೆ. ಅವನಿಗೆ ನೋವಾಯಿತು ಎನಿಸುತ್ತದೆ. ಆಗಲಿ. ಲಟ್ಟಣಗಿ ಎಂದು ಬರೆದವರಿಗೂ ಸರಸ್ವತಿ ಎಂದು ಬರೆದವರಿಗೂ ಆಕೆ ಕೊಟ್ಟದ್ದು ಒಂದೇ ಉತ್ತರ.

ಕಲ್ಲಿನ ಅಂಗಡಿಯಿಂದ ಬಂದ ಮೇಲೆ ದಿನವೂ ಆಟದ ಮಣೆ ಇಟ್ಟುಕೊಂಡು ಕೂಡುತ್ತಿದ್ದೇನೆ. ಚೇಷ್ಟೆಗಳ ಒಂದೊಂದು ಅಕ್ಷರವೂ ಕಣ್ಣ ಮುಂದಿದೆ, ಬೆಂಚಿನಲ್ಲಿ ಯಾರ ಪಕ್ಕ ಯಾರಿದ್ದರು ಎನ್ನುವುದೂ ಇದೆ. ಕಾಯಿಗಳು ಮಾತ್ರ ನಿಲ್ಲುವುದಿಲ್ಲ. ಒಂಟೆ ಒಂದು ಮೂಲೆಯಲ್ಲಿತ್ತು, ಕುದುರೆ ಅದರ ದಾರಿಗೆ ಬಂದಿತ್ತು, ಅಷ್ಟೇ. ಯಾವ ಮೂಲೆ, ವಜೀರ ಎಲ್ಲಿದ್ದ, ಬಾದಶಹನ ಮುಂದೆ ಪ್ಯಾದೆಗಳು ಇದ್ದವೋ ಇಲ್ಲವೋ... ಆಕೆ ನಮ್ಮಿಂದ ಕೇಳಿದ್ದು ಆ ಒಂದನ್ನೇ, ನನ್ನಿಂದ ಕಳೆದುಹೋದದ್ದೂ ಅದೇ.

ಇದನ್ನು ಓದುವವರಲ್ಲಿ ಆ ವಾರ ಆ ಹೋಟೆಲಿನಲ್ಲಿ ಕೂತವರು ಯಾರಾದರೂ ಉಳಿದಿದ್ದರೆ ನನಗೆ ಬರೆಯಿರಿ. ಕಾಕಿ ಎಂಥವಳಿದ್ದಳು ಎಂದು ಬೇಡ. ಕುದುರೆ ಎಲ್ಲಿಂದ ಎಲ್ಲಿಗೆ ಹೋಯಿತು, ಅದನ್ನು ಬರೆಯಿರಿ.