ಎರಡು ತಟ್ಟಿದರೆ ಹೊರಡುವ ವ್ಯಾನು

ಈ ದಿನ ಬೆಳಿಗ್ಗೆ ವ್ಯಾನು ಗುಡಿಸುತ್ತಿದ್ದಾಗ ಹಿಂದಿನ ಸೀಟಿನ ಕೆಳಗಿಂದ ಅರ್ಧ ಹುಣಸೆ ಬೀಜವೊಂದು ಪೊರಕೆಗೆ ಸಿಕ್ಕಿ ಹೊರಬಂತು. ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಕಲ್ಲಿಗೆ ತೇಯ್ದು ತೇಯ್ದು ಬೆಳ್ಳಗಾದದ್ದು. ಬೇರೆಯವರಿಗೆ ಅದು ಕಸ. ನಮ್ಮ ಮನೆಯ ಮಟ್ಟಿಗೆ ಎರಡು ವರ್ಷದಿಂದ ಕಾಣೆಯಾಗಿದ್ದ ಐತಿಹಾಸಿಕ ದಾಖಲೆ. ಚೌಕಾಬಾರ ಆಟದ ನಾಲ್ಕು ಬೀಜಗಳಲ್ಲಿ ಇದೊಂದು ಕಳೆದುಹೋದ ಮೇಲೆ ನಮ್ಮಕ್ಕ ಬೇರೆ ಬೀಜ ತೇಯ್ದುಕೊಂಡಳು ನಿಜ. ಆದರೆ ಹೊಸ ಬೀಜಕ್ಕೆ ಬಾರ ಬೀಳುವುದಿಲ್ಲವೆಂಬುದು ಅವಳ ಸಿದ್ಧಾಂತ. ನಾನು ಪೊರಕೆ ಬದಿಗಿಟ್ಟು, ಬೀಜವನ್ನು ಅಂಗೈಯಲ್ಲಿಟ್ಟುಕೊಂಡು, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಿದೆ.

ಇಷ್ಟಕ್ಕೂ ಈ ವ್ಯಾನಿನ ಪರಿಚಯ ನಿಮಗಿಲ್ಲ. ಜನ ಗಾಡಿಯಲ್ಲೇ ಮನೆ ಮಾಡಿಕೊಂಡು ಲಡಾಖ್ ಸುತ್ತುವುದನ್ನು, ಗಡಿ ದಾಟಿ ದೇಶ ದೇಶ ತಿರುಗುವುದನ್ನು ನೀವು ಫೋನಿನಲ್ಲಿ ನೋಡಿರುತ್ತೀರಿ. ನಾನೂ ನೋಡಿದೆ. ನೋಡಿ ಕೆಟ್ಟೆ. ಅದೇ ವರ್ಷ ನಮ್ಮ ಭಾವ, ಅಂದರೆ ಗಿರಿಜಕ್ಕನ ಯಜಮಾನರು, ಬಸ್ ಡ್ರೈವರ್ ಕೆಲಸದಿಂದ ನಿವೃತ್ತರಾಗಿದ್ದರು. ತುಮಕೂರಿನಲ್ಲಿ ಯಾರೋ ಮಾರಲಿಕ್ಕಿಟ್ಟಿದ್ದ ಹಳೇ ಸ್ಕೂಲ್ ವ್ಯಾನು ಕಣ್ಣಿಗೆ ಬಿತ್ತು. ಕೊಂಡೆವು. ಹಾಸಿಗೆ, ಸ್ಟವ್ವು, ಎರಡು ಬಿಂದಿಗೆ ಒಳಗಿಟ್ಟು, ಮೂವರೂ ವಿಶ್ವಪರ್ಯಟನೆಗೆ ಹೊರಟೆವು.

ಮಾರ್ಗವನ್ನೂ ಹೇಳಿಬಿಡುತ್ತೇನೆ: ತುಮಕೂರು, ಗುಬ್ಬಿ, ನಿಟ್ಟೂರು, ಚೇಳೂರು, ಅಲ್ಲಿಂದ ಇಳಿದು ಕುಣಿಗಲ್. ಒಟ್ಟು ಹತ್ತು ದಿನ. ನಾವು ಮನೆಯಿಂದ ಎಷ್ಟು ದೂರ ಹೋಗಿದ್ದೆವೆಂದರೆ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅಕ್ಕನಿಗೆ ಅನುಮಾನ ಬಂದರೆ ವಾಪಸು ಹೋಗಿ ನೋಡಿಕೊಂಡು ಬರಬಹುದಾದಷ್ಟು. ಎರಡು ಸಲ ಹೋಗಿ ನೋಡಿಕೊಂಡೂ ಬಂದೆವು.

ರಸ್ತೆಯ ಮೇಲೆ ಬದುಕುವವನಿಗೆ ಸಿಗುವ ಸುಖಗಳು ಸಣ್ಣವು; ಆದರೆ ಹೊತ್ತು ಹೊತ್ತಿಗೆ ಸಿಗುತ್ತವೆ. ಗುಬ್ಬಿಯ ಹತ್ತಿರ ಬೆಳಗಿನ ಬಿಸಿಲಲ್ಲಿ ಕೂತು, ಕಡಲೆಪುರಿ ಕಟ್ಟಿಕೊಟ್ಟ ಪೇಪರಿನಲ್ಲಿ ಯಾವುದೋ ಹಳೇ ಸುದ್ದಿಯನ್ನು ಅರ್ಧ ಓದಿ, ಮಿಕ್ಕರ್ಧವನ್ನು ನಾವೇ ಕಟ್ಟಿದೆವು. ಚೇಳೂರಿನ ತೆಂಗಿನ ತೋಟವೊಂದರಲ್ಲಿ ಪಂಪ್‌ಸೆಟ್ಟಿನ ನೀರಿಗೆ ತಲೆಯೊಡ್ಡಿ, ಸಾಕೆನ್ನುವವರಿಲ್ಲದೆ ಸ್ನಾನ ಮಾಡಿದೆವು. ವ್ಯಾನಿನ ಹಿಂದೆ ‘ಶಾಲಾ ವಾಹನ’ ಎಂಬ ಅಕ್ಷರ ಇನ್ನೂ ಅಳಿಸಿರಲಿಲ್ಲ. ತೋಟದವನು ಎಳನೀರು ಕೆತ್ತುತ್ತಾ ಕೇಳಿದ:

“ಯಾವ್ ಸ್ಕೂಲು ಸಾರ್ ನಿಮ್ದು?”

ಭಾವ ಟವೆಲ್ಲಿನಿಂದ ತಲೆಯೊರೆಸಿಕೊಳ್ಳುತ್ತಾ ಗಂಭೀರವಾಗಿ ಹೇಳಿದರು: “ಸದ್ಯಕ್ಕೆ ಇಬ್ರೇ ಮಕ್ಕಳು ಕಣಪ್ಪ. ಅಡ್ಮಿಷನ್ ಇನ್ನೂ ನಡೀತಾ ಇದೆ.”

ಆದರೆ ಇದೇ ಭಾವನವರಿಗೆ ಒಂದು ಕಡೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ಬರುತ್ತಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಬಸ್ಸು ಓಡಿಸಿದ ದೇಹ. ನಿಂತರೆ ಲೇಟಾಯಿತೆಂದು ಅದಕ್ಕೆ ಗಾಬರಿ. ನಿಟ್ಟೂರಿನಲ್ಲಿ ಹಳಿಯ ಪಕ್ಕ ಕೂತು ರೈಲು ನೋಡೋಣವೆಂದರೆ, ರೈಲು ಬಿಟ್ಟು ವಾಚು ನೋಡಿದರು. “ಆರು ನಿಮಿಷ ಲೇಟು. ಹೇಳೋರಿಲ್ಲ ಕೇಳೋರಿಲ್ಲ,” ಎಂದು ಅವತ್ತಿನ ಊಟದ ಹೊತ್ತೆಲ್ಲ ಕೊರಗಿದರು.

ಇದರಿಂದ ಅಕ್ಕನಿಗಾದ ನಷ್ಟ ಒಂದೇ. ಮದುವೆಯಾದಾಗಿನಿಂದ ಗಂಡನ ಜೊತೆ ಒಂದು ಚೌಕಾಬಾರವೂ ಕೊನೆ ಮುಟ್ಟಿರಲಿಲ್ಲ. ಎರಡು ಟ್ರಿಪ್ಪಿನ ನಡುವೆ ಭಾವ ಊಟಕ್ಕೆ ಬರುವರು, ಅಕ್ಕ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆಯುವಳು, ಕಾಯಿಗಳು ಒಳಮನೆ ಹೊಗುವ ಹೊತ್ತಿಗೆ ಸರಿಯಾಗಿ ಡ್ಯೂಟಿ ಟೈಮಾಗುವುದು. ಭಾವ ಚಪ್ಪಲಿ ಮೆಟ್ಟಿಕೊಳ್ಳುವರು, ಅಕ್ಕ ನೆಲ ಒರೆಸುವಳು. ಯಾತ್ರೆಗೆ ಬರಲು ಅವಳು ಹಾಕಿದ ಷರತ್ತೂ ಅದೇ.

“ಒಂದೇ ಒಂದ್ ಆಟ. ಕೊನೇವರ್ಗೂ ಕೂತ್ಕೋಬೇಕು. ಆಗುತ್ತೇನ್ರೀ?”

“ಒಂದ್ಯಾಕೆ, ಹತ್ತಾಡಣ ಬಿಡೇ,” ಎಂದಿದ್ದರು ಭಾವ. ಐದು ದಿನ ಕಳೆದರೂ ಒಂದೂ ಮುಗಿದಿರಲಿಲ್ಲ. ಟೈರು ನೋಡ್ತೀನಿ, ಗ್ಲಾಸ್ ಒರೆಸ್ತೀನಿ ಎಂದು ಏಳುವರು. ಎದ್ದ ಮೇಲೆ ಹೊರಡುವುದೇ.

ಹೊರಡುವುದಕ್ಕೂ ಒಂದು ಶಾಸ್ತ್ರವಿತ್ತು. ಹಿಂದೆ ಕೂರುತ್ತಿದ್ದ ನಾನು ಬಾಗಿಲೆಳೆದುಕೊಂಡು, ಕಂಡಕ್ಟರನ ಹಾಗೆ ವ್ಯಾನಿನ ಮೈಮೇಲೆ ಎರಡು ಸಲ ತಟ್ಟಬೇಕು. ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೊರಡು. ತಟ್ಟದಿದ್ದರೆ ಭಾವನ ಕಾಲು ಕ್ಲಚ್ಚಿನಿಂದ ಏಳುತ್ತಲೇ ಇರಲಿಲ್ಲ. ಈ ಪದವಿ ನನಗೆ ಬಹಳ ಇಷ್ಟವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಮಾತಿಗೆ ಇಷ್ಟು ಬೇಗ ಚಲಿಸಿದ ವಸ್ತು ಜೀವನದಲ್ಲಿ ಬೇರೆ ಯಾವುದೂ ಇಲ್ಲ.

ಆರನೇ ದಿನ ಕುಣಿಗಲ್ ಕೆರೆಯ ಬಳಿ, ಹೊಂಗೆ ಮರದ ನೆರಳಿನಲ್ಲಿ ಒಂದು ಚಪ್ಪಡಿ ಕಲ್ಲು ಸಿಕ್ಕಿತು. ಅಕ್ಕ ಅದರ ಮೇಲೆ ಇಪ್ಪತ್ತೈದು ಮನೆ ಬರೆದಳು. ಅವಳ ಕಾಯಿ ಬಳೆ ಚೂರು; ಭಾವನದು ಹಳೇ ಖಾಕಿ ಅಂಗಿಯ ಗುಂಡಿ. ಆಟ ಹಿಂದೆಂದೂ ತಲುಪದಷ್ಟು ದೂರ ತಲುಪಿತು. ಅಕ್ಕನಿಗೆ ನಡುಮನೆ ಸೇರಿ ಹಣ್ಣಾಗಲು ಉಳಿದದ್ದು ಒಂದೇ ಕಾಯಿ, ಭಾವನಿಗೆ ಎರಡು. ಅಷ್ಟರಲ್ಲಿ ಭಾವ ಎದ್ದರು.

“ಒಂದ್ನಿಮಿಷ ಕಣೇ. ಬ್ಯಾಟ್ರಿ ಯಾಕೋ ವೀಕ್ ಆದಂಗಿತ್ತು. ಸ್ಟಾರ್ಟ್ ಮಾಡಿ ನೋಡ್ಬಿಟ್ಟು ಬಂದೆ.”

ಅವರು ಸೀಟಿನಲ್ಲಿ ಕೂತು ಇಂಜಿನ್ ಶುರುಮಾಡಿದರು. ನಾನು, ಏನೂ ತಿಳಿಯದ ಪ್ರಾಣಿ, ಚಪ್ಪಲಿಗೆ ಮೆತ್ತಿದ್ದ ಕೆಸರು ಉದುರಿಸಲೆಂದು ಅದನ್ನು ವ್ಯಾನಿನ ಹಿಂಭಾಗಕ್ಕೆ ಬಡಿದೆ. ಎರಡು ಸಲ.

ವ್ಯಾನು ಹೊರಟುಹೋಯಿತು.

ನಾನು ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು “ಭಾವಾ!” ಎಂದು ಕೂಗುತ್ತಾ ಓಡಿದೆ. ಮೂವರ ಫೋನೂ ವ್ಯಾನಿನಲ್ಲೇ ಚಾರ್ಜಿಗಿದ್ದವು. ಬೈಕಿನಲ್ಲಿ ಬಂದ ಪುಣ್ಯಾತ್ಮನೊಬ್ಬ, ಯಾರಾದರೊಬ್ಬರು ಹತ್ತಿ, ಹಿಡಿಯೋಣ ಎಂದ. ನಾನು ಅಕ್ಕನ ಕಡೆ ನೋಡಿದೆ. ಅವಳು ಗಾಳಿಗೆ ಕಾಯಿ ಕದಲದಂತೆ ಸೆರಗು ಅಡ್ಡ ಹಿಡಿದು ಕೂತಿದ್ದಳು.

“ಯಾರೂ ಹೋಗ್ಬೇಡಿ. ಈಗ ಅವರದೇ ಸರದಿ. ಬರ್ತಾರೆ.”

ಅರ್ಧ ಗಂಟೆಯ ಮೇಲೆ ಬಂದರು. ನೇರ ಕುಣಿಗಲ್ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸುಗಳ ಸಾಲಿನಲ್ಲಿ ನಿಲ್ಲಿಸಿ, ಜನ ಇಳಿಯಲೆಂದು ಕಾದಿದ್ದರಂತೆ. ಯಾರೂ ಇಳಿಯದಿದ್ದಾಗ ತಿರುಗಿ ನೋಡಿದರೆ ಎರಡು ಬಿಂದಿಗೆ, ಒಂದು ಸ್ಟವ್ವು.

“ಏನ್ಲಾ, ನೀನ್ ತಟ್ಟಿದ್ಯಲ್ಲ!” ಎಂದು ನನ್ನ ಮೇಲೆ ಎಗರಿದರು.

“ಹೆಂಡ್ತಿ ಹತ್ತಿದ್ಲಾ ಅಂತ ನೋಡ್ಬೇಡ್ವಾ ಭಾವ?”

“ಅದು ಕಂಡಕ್ಟರ್ ಕೆಲ್ಸ ಕಣೋ!”

ಅಕ್ಕ ಅಂಗೈ ಚಾಚಿದಳು. ಭಾವ ಒಂದು ಕ್ಷಣ ನೋಡಿ, ಕೀ ಅವಳ ಕೈಗಿಟ್ಟರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಜಗಳನ್ನು ಅವರ ಮುಂದೆ ತಳ್ಳಿದಳು. ಭಾವ ವಾಚನ್ನೂ ಬಿಚ್ಚಿ ಕಲ್ಲಿನ ಮೇಲೆ ಮಗುಚಿಟ್ಟರು. ಅದನ್ನು ಯಾರೂ ಕೇಳಿರಲಿಲ್ಲ.

ಆಮೇಲಿನ ಆಟವನ್ನು ನಾನು ಉಸಿರು ಹಿಡಿದು ನೋಡಿದೆ. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಮಾಡುತ್ತಾ ಹೋಯಿತು, ಭಾವ ತಲೆಯೆತ್ತಲಿಲ್ಲ. ಇನ್ನೆರಡು ಮನೆ ನಡೆದಿದ್ದರೆ ಹಣ್ಣಾಗುತ್ತಿದ್ದ ಅಕ್ಕನ ಕಾಯಿಯನ್ನು ಕಡಿದು ಹೊರಗೆ ಹಾಕಿದರು. ಬಿಸಿಲು ಮರದಿಂದ ಜಾರಿ ನಮ್ಮ ಬೆನ್ನಿಗೆ ಬಂತು. ಕೊನೆಗೆ ಅವರ ಎರಡನೇ ಗುಂಡಿಯೂ ನಡುಮನೆ ಸೇರಿತು.

“ಸೋತೆ!” ಎಂದಳು ಅಕ್ಕ. “ಅಂತೂ ಸೋತೆ ಕಣೋ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಸೋತವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಗೆದ್ದ ಭಾವ ಮಾತ್ರ ಸ್ವಲ್ಪ ಪೆಚ್ಚಾಗಿ, “ಇನ್ನೊಂದಾಟ ಹಾಕೇ,” ಎಂದರು.

ಇವತ್ತು ನಮ್ಮ ಎರಡನೇ ವಿಶ್ವಪರ್ಯಟನೆ. ಪರ್ಯಟನೆಯ ಕಾರ್ಯದರ್ಶಿಯಾಗಿ ನಾನು ಹಾಳೆಯ ಮೇಲೆ ವೇಳಾಪಟ್ಟಿ ಬರೆದಿದ್ದೆ: ಏಳೂವರೆಗೆ ಬೆಳ್ಳಾವಿ, ಅಲ್ಲೇ ತಿಂಡಿ, ಇತ್ಯಾದಿ. ಸಿಕ್ಕ ಬೀಜವನ್ನು ಅಕ್ಕನ ಕೈಗಿಟ್ಟು, ಸಾಮಾನು ತುಂಬಿ, ಬಾಗಿಲೆಳೆದು ಎರಡು ತಟ್ಟಿದೆ. ವ್ಯಾನು ಕದಲಲಿಲ್ಲ. ಮತ್ತೆರಡು ತಟ್ಟಿದೆ. ಇಳಿದು ಹೋಗಿ ನೋಡಿದರೆ ಡ್ರೈವರ್ ಸೀಟು ಖಾಲಿ. ಗಂಡ ಹೆಂಡತಿ ಇಬ್ಬರೂ ಜಗುಲಿಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದಾರೆ.

“ಯಾವ್ ಬಸ್ ಹಿಡೀಬೇಕ್ಲಾ ನಿಂಗೆ?” ಎಂದರು ಭಾವ. “ಬಾ, ಕೂತ್ಕೋ. ಮನೆ ಬರೆಯೋಕೆ ಒಂದ್ ಪೇಪರ್ ಇದ್ರೆ ಕೊಡು.”

ಜೇಬಿನಲ್ಲಿದ್ದದ್ದು ಆ ವೇಳಾಪಟ್ಟಿಯೊಂದೇ. ಮಗುಚಿ ಕೊಟ್ಟೆ.

ಈಗ ಹತ್ತೂಕಾಲು. ಮೂರನೇ ಆಟ ನಡೆದಿದೆ. ನನ್ನ ನಾಲ್ಕು ಕಾಯಿ ಕಡಲೆಬೀಜ. ಅದರಲ್ಲಿ ಒಂದನ್ನು ಯಾರೋ ತಿಂದಿದ್ದಾರೆಂಬ ಗುಮಾನಿಯಿದೆ. ಪಕ್ಕದ ಮನೆಯವರು ಗೇಟಿನಿಂದ ಇಣುಕಿ, “ಏನ್ ಸಾರ್, ಟೂರ್ ಹೋಗಿಲ್ವಾ?” ಎಂದರು.

“ಹೋಗ್ತಾ ಇದೀವಿ,” ಎಂದೆ, ತಲೆಯೆತ್ತದೆ. ನನ್ನ ಸರದಿ ಬಂದಿತ್ತು.