ಯಾರನ್ನೂ ಸೋಲಿಸದ ಆಟ

ಉಗಾರದ ಸಕ್ಕರೆ ಕಾರ್ಖಾನೆಯೆದುರು ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಾಗ ನಾವು ಡ್ರೈವರುಗಳೆಲ್ಲ ಮೊಬೈಲಿನಲ್ಲಿ ಗುಂಡು ಹಾರಿಸಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದೆವು. ನಮ್ಮಲ್ಲೊಬ್ಬ ಮಾತ್ರ ತನ್ನ ಮೊಬೈಲಿನಲ್ಲಿ ಹಳ್ಳಿ ಕಟ್ಟುತ್ತಿದ್ದ: ತೋಟ, ಬಾವಿ, ನಾಲ್ಕು ಕೋಳಿ. ಕೋಳಿಗೆ ಕಾಳು ಹಾಕುವ ಮುಂಚೆ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ನಮ್ಮ ಆಟಕ್ಕೆ ಕರೆದರೆ, “ಬ್ಯಾಡ ಬಿಡೋ. ಹೊರಗ ದಿನಾ ಸೋಲೂದು ಇದ್ದದ್ದ ಐತಿ. ಇಲ್ಲ್ಯಾರ ಸುಮ್ನ ಆಡ್ತೀನಿ” ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಅವನ ಆಟ ಅಪ್‌ಡೇಟ್ ಆಗಿತ್ತು. ಈಗ ಯಾರು ಬೇಕಾದರೂ ಯಾರ ಹಳ್ಳಿಯನ್ನಾದರೂ ಲೂಟಿ ಮಾಡಬಹುದಿತ್ತು. ಅವನು ತೆರೆದು ನೋಡುವಷ್ಟರಲ್ಲಿ ತೋಟ ಸುಟ್ಟುಹೋಗಿತ್ತು, ಕೋಳಿಗಳಿರಲಿಲ್ಲ.

“ತಿರುಗಿ ಹೊಡಿ ಲೇ!” ಎಂದು ನಾವು ಕೂಗಿದೆವು.

“ಇಲ್ಲಿಗೂ ಬಂದ್ರಲ್ಲೋ” ಎಂದಷ್ಟೇ ಹೇಳಿ ಅವನು ಮೊಬೈಲ್ ಆರಿಸಿದ.

ಆಮೇಲೆ ಸಾಲಿನಲ್ಲಿ ಸುಮ್ಮನೆ ಮುಂದಿನ ಟ್ರೇಲರಿನ ಕಬ್ಬು ನೋಡುತ್ತ ಕೂರುತ್ತಿದ್ದ. ಆಗಾಗ ಬೆರಳನ್ನು ಮಾತ್ರ ಅಂಗಿಗೆ ಒರೆಸಿಕೊಳ್ಳುತ್ತಿದ್ದ.